ಅರ್ಧ ಬಟ್ಟಲು

ಮಾರ್ಚ್ ೪, ಸೋಮವಾರ

ಕೆಲಸ ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಮದುವೆಯಾಗಿ ಎರಡು ತಿಂಗಳು ತುಂಬಿಲ್ಲ, ಈ ಊರಿನ ಬೀದಿಗಳ ತಿರುವು ಕೂಡ ಸರಿಯಾಗಿ ಗೊತ್ತಾಗಿಲ್ಲ, ಅಷ್ಟರಲ್ಲಿ ನಾನು ಆರೋಗ್ಯ ಕೇಂದ್ರದಲ್ಲಿ ಪೌಷ್ಟಿಕ ಆಹಾರದ ಶಿಕ್ಷಕಿ! ಬಸುರಿಯರು ಏನು ತಿನ್ನಬೇಕು, ಎಳೆಮಕ್ಕಳಿಗೆ ಏನು ತಿನ್ನಿಸಬೇಕು ಎಂದು ಪ್ರತಿ ಬುಧವಾರ ಹೇಳಿಕೊಡಬೇಕು, ಮನೆಮನೆಗೆ ಹೋಗಿ ವಿಚಾರಿಸಬೇಕು, ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಬೇಕು. ಇಷ್ಟು ದಿನ ನನ್ನ ಪಾಠ ಕೇಳಲು ಇದ್ದವರು ನನ್ನವರೊಬ್ಬರೇ. ಅವರೋ ಸೊಪ್ಪು ಕಂಡರೆ ಮುಖ ಹಿಂಡುವ ಆಸಾಮಿ.

ಸಂಜೆ ಅವರು ನೀರು ಸರಬರಾಜು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ನನ್ನ ಕಾಲು ತಗುಲಿ ಬಾಗಿಲ ಪಕ್ಕದ ಹೂಕುಂಡ ಉರುಳಿತು. ಕೆಳಗಿನ ಮನೆಯವರು "ಏನಾಯ್ತ್ರೀ ಅಲ್ಲಿ?" ಎಂದು ಕೂಗಿದರು. "ನನ್ನ ಹೆಂಡತಿಗೆ ಕೆಲಸ ಸಿಕ್ತು!" ಎಂದು ಇವರು ಮಹಡಿಯಿಂದಲೇ ಕೂಗಿ ಹೇಳಿದರು. ನಾಚಿಕೆಯಿಂದ ಸತ್ತೇಹೋದೆ. (ಇಲ್ಲ, ಸುಳ್ಳು. ಬಹಳ ಖುಷಿಯಾಯಿತು.)

ಕೇಂದ್ರವನ್ನು ನೋಡಿಕೊಳ್ಳುವವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಬರೆದಿದೀಯ. ಇಲ್ಲಿ ಅದು ಯಾರಿಗೂ ಬೇಡ. ಮನೆಮಾತು ಹೇಗೆ?" ಎಂದರು. ಒಂದನೇ ತರಗತಿಯಿಂದ ಇಂಗ್ಲಿಷಿನಲ್ಲೇ ಓದಿದ ನಾನು "ಸೂಪರ್ ಆಗಿದೆ ಸಿಸ್ಟರ್" ಎಂದೆ. ಅವರು ನಗಲಿಲ್ಲ. ಆದ್ದರಿಂದ ಇವತ್ತಿನಿಂದ ಈ ದಿನಚರಿ ಮನೆಮಾತಿನಲ್ಲಿ. ಕೈ ಪಳಗಲಿ.

ಮಾರ್ಚ್ ೬, ಬುಧವಾರ

ಮೊದಲ ತರಗತಿ! ಬಣ್ಣದ ಚಿತ್ರಪಟಗಳನ್ನು ಗೋಡೆಗೆ ನೇತುಹಾಕಿ, ಹೊಸ ಕಿವಿಯೋಲೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತೆ. ಚಾಪೆ ತುಂಬ ತಾಯಂದಿರು, ಮಡಿಲಲ್ಲಿ ಮಕ್ಕಳು. ಒಂದು ಮಗು ಅಳಲು ಶುರುಮಾಡಿದರೆ ಉಳಿದವು ಹಿಮ್ಮೇಳ.

ಶುರು ಮಾಡುವ ಮೊದಲೇ ಮೊಟ್ಟೆ ಅಂಗಡಿಯವಳು ಕೈ ಎತ್ತಿದಳು. ಅವಳಿಗೆ ಅವಳಿ ಮಕ್ಕಳು, ಬಾಯಿ ಮಾತ್ರ ನಾಲ್ಕು ಜನರಷ್ಟು.

"ಮೇಡಂ, ನಿಮಗೆಷ್ಟು ಮಕ್ಕಳು?"

"ಇನ್ನೂ ಇಲ್ಲ."

"ಮದುವೆ?"

"ಆಗಿದೆ. ಎರಡು ತಿಂಗಳು."

"ಅಯ್ಯೋ, ಹಾಗಾದ್ರೆ ನೀವೇ ಇನ್ನೂ ಹಾಲುಗಲ್ಲದ ಕೂಸು! ಬನ್ನಿ, ಚಾಪೆ ಮೇಲೆ ಕೂತ್ಕೊಳ್ಳಿ, ನಾವು ಹೇಳ್ಕೊಡ್ತೀವಿ."

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು. ಆಮೇಲೆ ಪ್ರೋಟೀನ್ ಎಂದೆ. "ಅದು ಯಾವ ಅಂಗಡೀಲಿ ಸಿಗುತ್ತೆ?" ಎಂದಳು. "ನಿಮ್ಮ ಅಂಗಡಿಯಲ್ಲೇ, ರಾಶಿ ರಾಶಿ" ಎಂದೆ. ಆಗ ನಗು ನನ್ನ ಕಡೆಗೆ ತಿರುಗಿತು. ಹೇಗಿದೆ!

ಒಬ್ಬಳಿದ್ದಾಳೆ, ಮೂಲೆಯಲ್ಲಿ ಕೂರುವವಳು, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೊನೆಗೆ "ಯಾರು ಹೇಳ್ತೀರಿ, ಇವತ್ತು ಏನು ಕಲಿತಿರಿ?" ಎಂದಾಗ ತಲೆ ಬಗ್ಗಿಸಿಕೊಂಡೇ ನಾನು ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಒಪ್ಪಿಸಿಬಿಟ್ಟಳು. "ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೆತ್ತಗೆ ಬೇಯಿಸಿದ ಊಟ. ನೀರಾಗಿರಬಾರದು, ಚಮಚದಿಂದ ಜಾರಿ ಹೋಗಬಾರದು." ನನ್ನ ಗಿಣಿ! ಅವಳ ಎಂಟು ತಿಂಗಳ ಮಗಳನ್ನು ಮನೆಯಲ್ಲಿ ಬಟನ್ ಎಂದು ಕರೆಯುತ್ತಾರಂತೆ. ಅಜ್ಜಿಯದು ದಾರ, ಸೂಜಿ, ಗುಂಡಿ ಮಾರುವ ಅಂಗಡಿ, ಅದಕ್ಕೆ. ಎಷ್ಟು ಮುದ್ದಾದ ಮಗು ಎಂದರೆ ನನ್ನವರಿಗೆ ಹೇಳಿ ಹೇಳಿ ಅವರಿಗೆ ನಿದ್ದೆ ಬಂತು.

ಮಾರ್ಚ್ ೧೩, ಬುಧವಾರ

ಇವತ್ತು ಭರ್ಜರಿ ಪಾಠ. ಎಷ್ಟು ತಿನ್ನಿಸಬೇಕು ಎಂಬುದು. ಈ ತಾಯಂದಿರು ಎಲ್ಲವನ್ನೂ ಅಂದಾಜಿನ ಮೇಲೆ ಮಾಡುತ್ತಾರೆ. "ಎಷ್ಟು ಕೊಡ್ತೀರಿ?" ಎಂದರೆ "ಒಂಚೂರು", "ಇಷ್ಟು", "ತಿಂದಷ್ಟು" ಎನ್ನುತ್ತಾರೆ. ಮೇಜು ಕುಟ್ಟಿ ಹೇಳಿದೆ, "ಕಣ್ಣಂದಾಜು ಬೇಡ! ಎಂಟು ತಿಂಗಳ ಮಗುವಿಗೆ ಮೂರು ಹೊತ್ತು, ಹೊತ್ತಿಗೆ ಅರ್ಧ ಬಟ್ಟಲು. ಅರ್ಧ ಬಟ್ಟಲು ಅಂದ್ರೆ ಅರ್ಧ ಬಟ್ಟಲೇ!"

"ತುಂಬಿಸಿ ಕೊಟ್ರೆ ಪೊಲೀಸರು ಬರ್ತಾರಾ ಮೇಡಂ?" ಎಂದಳು ಮೊಟ್ಟೆ ಅಂಗಡಿಯವಳು.

"ನಾನೇ ಬರ್ತೀನಿ" ಎಂದೆ.

ಗಿಣಿ ಮಾತ್ರ ನಗಲಿಲ್ಲ. ತುಟಿ ಅಲ್ಲಾಡಿಸುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಮೂರು ಹೊತ್ತು, ಅರ್ಧ ಬಟ್ಟಲು, ಕಣ್ಣಂದಾಜು ಬೇಡ. ಇಂಥ ಒಬ್ಬಳು ಸಾಕು, ಶಿಕ್ಷಕಿಯ ಜನ್ಮ ಸಾರ್ಥಕ.

ರಾತ್ರಿ ಊಟಕ್ಕೆ ನಾನು ಮಾಡಿದ ಅನ್ನ ಮುದ್ದೆಯಾಗಿತ್ತು. ನನ್ನವರು, "ಇದು ಚಮಚದಿಂದ ಜಾರೋದಿಲ್ಲ, ನನಗಿನ್ನೂ ಎಂಟು ತಿಂಗಳು ಅಂತ ತಿಳ್ಕೊಂಡಿದೀಯಾ?" ಎಂದರು. ದಿಂಬಿನಿಂದ ಹೊಡೆದೆ.

ಮಾರ್ಚ್ ೨೧, ಗುರುವಾರ

ಮನೆ ಭೇಟಿ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ, ಆದರೂ ಎಲ್ಲ ಮನೆಗಳನ್ನೂ ಮುಗಿಸಿದೆ! ಗಿಣಿಯ ಮನೆ ಅಂಗಡಿಯ ಹಿಂದೆಯೇ. ಒಂದೇ ಹಜಾರ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆಯ ಚೂರುಗಳು ಬಣ್ಣ ಬಣ್ಣವಾಗಿ ನೆಲದ ತುಂಬ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಅಜ್ಜಿ, ಎಂದರೆ ಗಿಣಿಯ ಅತ್ತೆ, ಅಂಗಡಿಯಿಂದ ಬಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದರು, ಚಹಾ ಕೊಟ್ಟರು.

"ಮೂರು ಹೊತ್ತು?" ಎಂದು ಗಿಣಿಯನ್ನು ಕೇಳಿದೆ.

"ಮೂರು ಹೊತ್ತು."

"ಅರ್ಧ ಬಟ್ಟಲು?"

"ಅರ್ಧ ಬಟ್ಟಲು ಮೇಡಂ. ಒಂದು ಹೊತ್ತೂ ತಪ್ಪಿಸಿಲ್ಲ."

ಸರಿ, ಗುರುತು ಹಾಕಿಕೊಂಡು ಎದ್ದೆ. ಬಟನ್ ನನ್ನ ಬೆರಳನ್ನು ಬಾಯಿಗೆ ಎಳೆದುಕೊಂಡು ಚಪ್ಪರಿಸುತ್ತಿತ್ತು. ಹಲ್ಲು ಬರುತ್ತಿರಬೇಕು. ಬಂಗಾರ!

ಏಪ್ರಿಲ್ ೬, ಶನಿವಾರ

ತೂಕದ ದಿನ. ಏನೋ ಸರಿಯಾಗಿಲ್ಲ.

ಎಲ್ಲ ಮಕ್ಕಳ ತೂಕವೂ ಏರಿದೆ. ಅವಳಿಗಳಂತೂ ತಕ್ಕಡಿಯ ಜೋಳಿಗೆಯಲ್ಲಿ ಕೂರಲಾರದಷ್ಟು ಒದ್ದಾಡಿದವು. ಬಟನ್ ಒಬ್ಬಳೇ ಕಡಿಮೆಯಾಗಿದ್ದಾಳೆ. ಹೋದ ತಿಂಗಳಿಗಿಂತ ಕಡಿಮೆ. ಮೂರು ಸಲ ತೂಗಿದೆವು. ದೊಡ್ಡ ಸಿಸ್ಟರ್ ಹೊಟ್ಟೆ, ಬಾಯಿ, ಕಿವಿ ಎಲ್ಲ ನೋಡಿ, ಜ್ವರವಿಲ್ಲ, ಭೇದಿಯಿಲ್ಲ, ಎರಡು ವಾರ ಬಿಟ್ಟು ಮತ್ತೆ ಕರೆದುಕೊಂಡು ಬಾ ಎಂದರು.

ನನಗೆ ಅಳು ಬರುವಷ್ಟು ಬೇಜಾರಾಯಿತು. ಎಲ್ಲರ ಎದುರಿಗೇ ಗಿಣಿಯನ್ನು ಕೇಳಿದೆ, "ನಿಜವಾಗ್ಲೂ ಮೂರು ಹೊತ್ತೂ ಕೊಡ್ತಿದೀರಾ?"

ಅವಳು ಮಗುವಿನ ಅಂಗಿ ಕೈಗೆತ್ತಿಕೊಂಡಳು. ಅಜ್ಜಿ ಸೊಸೆಯ ಮುಖ ನೋಡಿ, "ನಾನು ಬೆಳಗಿಂದ ಅಂಗಡೀಲಿ ಇರ್ತೀನಮ್ಮ. ಮನೇಲಿ ಇರೋಳು ಅವಳೇ" ಎಂದರು. ಗಿಣಿ ಮಗುವಿಗೆ ಅಂಗಿ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿ, ಹೊರಟುಹೋದಳು.

ಅಷ್ಟು ಚೆನ್ನಾಗಿ ಒಪ್ಪಿಸುವವರು ಮನೆಯಲ್ಲಿ ಮಾಡುವುದಿಲ್ಲವೇನೋ. ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದವರೂ ಹಾಗೇ ಇದ್ದರು. ಹೊಲಿಗೆಯ ಕೆಲಸ ಬೇರೆ ಬಹಳ.

ಏಪ್ರಿಲ್ ೧೦, ಬುಧವಾರ

ಗಿಣಿ ಬರಲಿಲ್ಲ.

ತರಗತಿ ಮುಗಿದ ಮೇಲೆ ಮೊಟ್ಟೆ ಅಂಗಡಿಯವಳು ಚಾಪೆ ಸುತ್ತಿಡಲು ನಿಂತಳು. "ನಿಮ್ಮ ಗಿಣಿ ಹಾರಿಹೋಯ್ತು ಮೇಡಂ" ಎಂದಳು, ಆದರೆ ನಗಲಿಲ್ಲ. "ಸೋಮವಾರ ಮಗು ಎತ್ಕೊಂಡು ತವರಿಗೆ ರೈಲು ಹತ್ತಿದ್ಳು. ನನ್ನ ಕೈಗುಣಾನೇ ಸರಿಯಿಲ್ಲ, ನಮ್ಮಮ್ಮನ ಕೈಲಾದ್ರೂ ತಿನ್ನಲಿ ಅಂದ್ಳು."

"ಯಾವಾಗ ವಾಪಸ್ಸು?"

"ಬರೋ ಥರ ಹೋಗಿಲ್ಲ. ಹೊಲಿಗೆ ಬಟ್ಟೆನೆಲ್ಲ ಅವರವರಿಗೆ ವಾಪಸ್ ಕೊಟ್ಟು ಹೋಗಿದಾಳೆ. ನನ್ನ ಕುಪ್ಪಸಾನೂ ಅರ್ಧಕ್ಕೇ ಬಂತು."

ನನ್ನವರು ಸಿನಿಮಾಕ್ಕೆ ಹೋಗೋಣವೇ ಎಂದರು. ತಲೆನೋವು ಎಂದೆ.

ಏಪ್ರಿಲ್ ೧೨, ಶುಕ್ರವಾರ

ಬರೆಯಲೇಬೇಕು, ಆದರೆ ಎಲ್ಲಿಂದ ಶುರುಮಾಡಲಿ?

ಸಂಜೆ ಅಜ್ಜಿಯ ಅಂಗಡಿಗೆ ಹೋದೆ. ಗಿರಾಕಿಯೊಬ್ಬಳಿಗೆ ದಾರ ಅಳೆದು ಕೊಡುತ್ತಿದ್ದರು. ನನ್ನನ್ನು ನೋಡಿ ಬಾಗಿಲು ಅರ್ಧ ಎಳೆದು ಒಳಗೆ ಕರೆದರು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. ನೆಲ ಶುಭ್ರವಾಗಿತ್ತು, ಒಂದು ಚೂರು ಬಟ್ಟೆಯೂ ಇಲ್ಲ.

"ಮಗು ಹೇಗಿದೆಯಂತೆ ಅಜ್ಜಿ?"

"ಫೋನ್ ಮಾಡಿದ್ರೆ ಬೀಗಿತ್ತಿ ಎತ್ತಾರೆ. ಇವಳು ಮಾತಾಡಲ್ಲ."

"ನೀವು ಬೈದ್ರಾ?"

"ನಾನಾ? ಬೈಯೋದಾ? ಒಂದು ಮಾತು ಅಂದೆ. ಅಲ್ವೇ, ಇರೋದೊಂದು ಮಗು, ಅದರ ಹೊಟ್ಟೆ ನೋಡೋಕಾಗಲ್ವೇನೇ ಅಂದೆ. ಅಷ್ಟೇ." ಯಂತ್ರದ ಮೇಲಿನ ಬಟ್ಟೆ ಸರಿಮಾಡುತ್ತಾ, "ಅಷ್ಟೇ ಅಂದ್ಕೊಂಡಿದ್ದೆ" ಎಂದರು.

ಚಹಾ ಮಾಡಲು ಎದ್ದರು. ನಾನೂ ಅವರ ಹಿಂದೆಯೇ ಅಡುಗೆಮನೆಗೆ ಹೋದೆ. ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ, ಅದಕ್ಕೆ. ಅಜ್ಜಿ ಸಕ್ಕರೆ ಡಬ್ಬಿಗೆ ಕೈಚಾಚಿದವರು ಅದರ ಪಕ್ಕದಲ್ಲಿದ್ದ ಒಂದು ಸಣ್ಣ ವಸ್ತುವನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

"ನೋಡು, ಇದನ್ನೂ ಬಿಟ್ಟು ಹೋಗಿದಾಳೆ. ಬಟನ್ ಬಟ್ಟಲು. ಹುಟ್ಟಿದಾಗ ನಾನೇ ಮಾಡಿಸಿದ್ದು, ಅಪ್ಪಟ ಬೆಳ್ಳಿ. ಇದರಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ತಿನ್ನಿಸ್ತಿರಲಿಲ್ಲ, ನನಗೆ ಖುಷಿಯಾಗ್ಲಿ ಅಂತ."

ಬೆರಳು ಮಡಚಿದರೆ ಬಟ್ಟಲು ನನ್ನ ಮುಷ್ಟಿಯೊಳಗೇ ಅಡಗಿಹೋಯಿತು.

"ಅಜ್ಜಿ, ಇದರಲ್ಲಿ ಅರ್ಧಾನಾ?"

"ಅರ್ಧಾನೇ. ಗೆರೆ ಹೊಡೆದ ಹಾಗೆ ಅರ್ಧ. ಒಂದಿನ ನಾನು ಬೇಗ ಬಂದಿದ್ದೆ, ಮಗು ಇನ್ನೂ ಬಾಯಿ ಬಿಡ್ತಾ ಇತ್ತು. ಇನ್ನೊಂಚೂರು ಹಾಕೇ ಅಂದೆ. ಬೇಡ ಅತ್ತೆ, ಮೇಡಂ ಕಣ್ಣಂದಾಜು ಬೇಡ ಅಂದಿದಾರೆ ಅಂದು ಎದೆಹಾಲು ಕೊಟ್ಟು ಮಲಗಿಸಿದ್ಳು. ಓದಿದೋರು ಹೇಳಿದ್ದು ಅಂತ ನಾನೂ ಸುಮ್ಮನಾದೆ."

ಒಂದು ಚಮಚ ಕೇಳಿ ನೀರು ಹಾಕಿ ನೋಡಿದೆ. ಎರಡು ಚಮಚಕ್ಕೆ ಅರ್ಧವಾಯಿತು.

"ನನ್ನ ತರಗತಿಗೆ ಬರೋದಕ್ಕೆ ಮುಂಚೆ ಎಷ್ಟು ತಿನ್ನಿಸ್ತಿದ್ರು?"

"ಮುಂಚೆನಾ? ಮಗು ಮುಖ ತಿರುಗಿಸೋ ತನಕ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಆರಿಸಲಿಲ್ಲ. ನಾನು ಹೇಳಿದೆ, ನನ್ನ ಮನಸ್ಸಿನಲ್ಲಿ ಇದ್ದ ಬಟ್ಟಲು ಊಟದ ಬಟ್ಟಲು, ಅದರಲ್ಲಿ ಇಂಥವು ಹತ್ತಾರು ಹಿಡಿಸುತ್ತವೆ, ಯಾವ ಬಟ್ಟಲು ಎಂದು ನಾನು ತೋರಿಸಲೂ ಇಲ್ಲ, ಕೇಳಲೂ ಇಲ್ಲ. ಅವತ್ತು ಮನೆಗೆ ಬಂದಾಗಲೂ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋದೆ ಎಂದೆ.

ಅಜ್ಜಿ ನನ್ನ ಕೈಯಿಂದ ಬಟ್ಟಲನ್ನು ತೆಗೆದುಕೊಂಡರು.

"ಹಾಗಾದ್ರೆ ಅವಳು ಸುಳ್ಳು ಹೇಳಿಲ್ಲ?"

"ಇಲ್ಲ ಅಜ್ಜಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದಾರೆ."

"ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಬೀಳ" ಎಂದು ಅಜ್ಜಿ ಅಲ್ಲೇ ಕುಕ್ಕರಿಸಿದರು. ಆಮೇಲೆ ನನ್ನ ಕಡೆ ನೋಡಿ, "ನಿನ್ನ ಬಾಯಿಗೂ" ಎಂದರು.

ಸರಿಯಾಗಿಯೇ ಹೇಳಿದರು.

ಏಪ್ರಿಲ್ ೧೩, ಶನಿವಾರ

ದೊಡ್ಡ ಸಿಸ್ಟರ್‌ಗೆ ಹೇಳಿದೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸುತ್ತಾ, "ಒಂದು ದಿನವಾದ್ರೂ ನಿನ್ನ ಜೊತೆ ಮನೆಗಳಿಗೆ ಬರಬೇಕಿತ್ತು ನಾನು. ಬರಲಿಲ್ಲ" ಎಂದರು. ಗಿಣಿಯ ತವರಿನ ಕಡೆಯ ಆರೋಗ್ಯ ಕೇಂದ್ರಕ್ಕೆ ಅಲ್ಲೇ ಫೋನ್ ಮಾಡಿ, ಮಗುವನ್ನು ನೋಡಿ ಬನ್ನಿ ಎಂದು ಹೇಳಿದರು. ನನ್ನ ಕಡೆ ತಿರುಗಿ, "ಬುಧವಾರ ಎಲ್ಲರಿಗೂ ನೀನೇ ಹೇಳಬೇಕು" ಎಂದರು.

ಏಪ್ರಿಲ್ ೧೭, ಬುಧವಾರ

ಎಲ್ಲರಿಗೂ ಮಗುವಿಗೆ ತಿನ್ನಿಸುವ ಬಟ್ಟಲನ್ನೇ ತನ್ನಿ ಎಂದು ಹೇಳಿ ಕಳಿಸಿದ್ದೆ. ಚಾಪೆಯ ಮೇಲೆ ಸಾಲಾಗಿ ಇಟ್ಟಾಗ ಒಂದರ ಹಾಗೆ ಇನ್ನೊಂದಿಲ್ಲ. ಸ್ಟೀಲು, ಪ್ಲಾಸ್ಟಿಕ್ಕು, ಪಿಂಗಾಣಿ, ಒಂದು ಡಬ್ಬಿಯ ಮುಚ್ಚಳ. ಮೊಟ್ಟೆ ಅಂಗಡಿಯವಳು ತಂದದ್ದು ಹಿಟ್ಟು ಕಲಸುವ ಬೋಗುಣಿ.

"ಇದೇನು?"

"ಇಬ್ಬರಿಗೂ ಒಂದೇ. ಇದರಲ್ಲಿ ಅರ್ಧ ತಿನ್ನಿಸಿ ಅಂದ್ರಿ. ನಾನೇನು ನಿಮ್ಮ ಮಾತು ಕೇಳೋಳಾ? ಅವು ಸಾಕು ಅಂದಾಗ ನಿಲ್ಲಿಸಿದೆ, ಉಳಿದಿದ್ದು ನಾನು ತಿಂದೆ. ನೋಡಿ, ಹೇಗಾಗಿದೀನಿ!"

ನಗು ನಿಂತ ಮೇಲೆ ಬಟನ್ ಬಟ್ಟಲಿನ ವಿಷಯ ಹೇಳಿದೆ. ಗಿಣಿ ಒಂದು ಹೊತ್ತೂ ತಪ್ಪಿಸಿರಲಿಲ್ಲ, ತಪ್ಪು ನನ್ನದು, ಅವತ್ತು ಎಲ್ಲರ ಎದುರು ಕೇಳಿದ್ದೂ ತಪ್ಪು ಎಂದೆ. ಆಗ ತುಂಬು ಬಸುರಿಯೊಬ್ಬಳು, ಇಷ್ಟು ದಿನ ಬಾಯಿಯೇ ಬಿಡದಿದ್ದವಳು, ಕೇಳಿದಳು:

"ಹಾಗಾದ್ರೆ ಮೇಡಂ, ಬಸುರಿಯರು ದಿನಕ್ಕೆ ಒಂದು ಊಟ ಹೆಚ್ಚು ಮಾಡಬೇಕು ಅಂದ್ರಲ್ಲ. ಯಾರ ಊಟ? ನನ್ನ ಗಂಡನದ್ದಾ, ನನ್ನದಾ?"

"ನಿಮ್ಮದು ಎಷ್ಟು?" ಎಂದೆ.

"ಎಲ್ಲರದ್ದೂ ಆದ ಮೇಲೆ ಪಾತ್ರೆ ನೋಡ್ಬೇಕು, ಎಷ್ಟಿರುತ್ತೋ ಅಷ್ಟು."

ಇದನ್ನು ನಾನು ಎಂದೂ ಕೇಳಿರಲೇ ಇಲ್ಲ. ಚಾಪೆಯ ಮೇಲೆ ಅವಳ ಪಕ್ಕ ಕೂತುಕೊಂಡೆ. ಪಾಠ ಅಲ್ಲಿಗೇ ನಿಂತಿತು, ಮಾತು ನಿಲ್ಲಲಿಲ್ಲ. ಎಲ್ಲರಿಗೂ ಬಡಿಸುವ ಮೊದಲೇ ತನ್ನ ಪಾಲು ತೆಗೆದು ಮುಚ್ಚಿಡುವ ಉಪಾಯ ಹೇಳಿದವಳು ಮೊಟ್ಟೆ ಅಂಗಡಿಯವಳು. "ಅತ್ತೆ ಏನಾದ್ರೂ ಅಂದ್ರೆ, ಮಗೂದು ಅನ್ನು. ಸುಳ್ಳೇನಲ್ವಲ್ಲ!"

ಕೊನೆಗೆ ಕೇಂದ್ರದ ಅಳತೆ ಲೋಟದಿಂದ ಒಂದೊಂದು ಬಟ್ಟಲಿಗೂ ನೀರು ಹೊಯ್ದು, ನೀರು ನಿಂತ ಮಟ್ಟಕ್ಕೆ ಹೊರಗಡೆ ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ಬೋಗುಣಿಯಲ್ಲಿ ಗೆರೆ ತಳದ ಹತ್ತಿರವೇ ಬಂತು. "ಗೆರೆ ಬರೀ ಗುರುತು. ಅಲ್ಲಿಗೆ ಬಂದ ಮೇಲೂ ಮಗು ಬಾಯಿ ಬಿಟ್ರೆ ಇನ್ನೂ ಕೊಡಿ. ಮುಖ ತಿರುಗಿಸಿದ್ರೆ ನಿಲ್ಲಿಸಿ. ಮಗುವಿನ ಮುಖ ನೋಡಿ" ಎಂದೆ.

"ಅದನ್ನೇ ತಾನೇ ನಾವು ಮುಂಚೆಯಿಂದ ಮಾಡ್ತಿದ್ದದ್ದು?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಹೌದು. ಎಷ್ಟೋ ಸಲ ಸರಿಯಾಗೇ ಮಾಡ್ತಿದ್ರಿ."

ನೇಲ್ ಪಾಲಿಶ್ ಬಾಟಲಿ ಖಾಲಿಯಾಯಿತು.

ಏಪ್ರಿಲ್ ೧೯, ಶುಕ್ರವಾರ

ಅಜ್ಜಿಯ ಅಂಗಡಿಯಿಂದ ಫೋನ್ ಮಾಡಿದೆವು. ಗಿಣಿಯ ತಾಯಿ ಎತ್ತಿ, ಅವಳು ಕೆಲಸದಲ್ಲಿದ್ದಾಳೆ ಎಂದರು. ಅಜ್ಜಿ, "ಕೊಡಿ ಬೀಗಿತ್ತಿ. ಬೈಯೋಕಲ್ಲ, ಬೈಸ್ಕೊಳ್ಳೋಕೆ" ಎಂದರು. ಆ ಕಡೆ ಪಿಸುಮಾತು. ಆಮೇಲೆ ಗಿಣಿಯ ದನಿ, "ಹೇಳಿ ಅತ್ತೆ."

ಅಜ್ಜಿ ಫೋನನ್ನು ನನಗೆ ಕೊಟ್ಟರು.

ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ನೀವು ಹೇಳಿದ್ದನ್ನೇ ಮಾಡಿದ್ದು ಮೇಡಂ" ಎಂದಳು.

"ಹೌದು. ನಾನು ಹೇಳಿದ್ದು ಸಾಲದಾಗಿತ್ತು."

"ಅವಳು ಹಸಿವಿಗೆ ಅಳ್ತಿದ್ಳು. ನನಗೆ ಗೊತ್ತಾಗ್ತಿತ್ತು. ಆದ್ರೂ ಮೇಡಂಗೆ ನನಗಿಂತ ಗೊತ್ತು ಅಂದ್ಕೊಂಡೆ."

ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ. ಅವಳೇ ಮುಂದುವರಿಸಿದಳು:

"ಈಗ ಅಮ್ಮ ತಿನ್ನಿಸ್ತಾರೆ. ನಾನು ಮುಟ್ಟೋದಿಲ್ಲ. ನನಗೆ ಭಯ."

"ಈಗ ಅವಳ ಊಟದ ಹೊತ್ತಾ?"

"ಹೌದು. ಅಮ್ಮ ಕಲಸ್ತಿದಾರೆ."

"ಇವತ್ತು ನೀವು ತಿನ್ನಿಸಿ. ಫೋನ್ ಪಕ್ಕದಲ್ಲಿ ಇಡಿ. ನಾನೇನೂ ಹೇಳಲ್ಲ, ಕೇಳಿಸ್ಕೊಳ್ತೀನಿ ಅಷ್ಟೇ."

ಮಣೆ ಎಳೆದ ಸದ್ದು. ಆಮೇಲೆ ಪಾತ್ರೆಗೆ ಚಮಚ ತಗುಲಿದ ಸದ್ದು. ಬಟನ್‌ಳ 'ಮ್ಮ ಮ್ಮ'. ಮತ್ತೆ ಚಮಚ. ಅಜ್ಜಿ ನನ್ನ ಕಿವಿಗೆ ಕಿವಿ ಹಚ್ಚಿ ನಿಂತಿದ್ದರು. ಅಂಗಡಿಗೆ ಬಂದ ಗಿರಾಕಿಗೆ ಕೈಸನ್ನೆಯಲ್ಲೇ ಆಮೇಲೆ ಬಾ ಎಂದರು.

"ಇನ್ನೂ ಬಾಯಿ ಬಿಡ್ತಿದಾಳೆ" ಎಂದಳು ಗಿಣಿ, ದೂರದಿಂದ. ನನಗೆ ಹೇಳಿದ್ದಲ್ಲ ಎನಿಸುತ್ತದೆ. ಮತ್ತೆ ಚಮಚ. ಕೊನೆಗೆ ಮಗು ಸಿಟ್ಟಿನಿಂದ ಏನೋ ಕೂಗಿತು.

"ಮುಖ ತಿರುಗಿಸಿದ್ಳು ಮೇಡಂ! ಬೇಡ್ವಂತೆ!" ಗಿಣಿ ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಏಪ್ರಿಲ್ ೨೫, ಗುರುವಾರ

ಮನೆ ಭೇಟಿ. ತುಂಬು ಬಸುರಿ ತನ್ನ ಪಾಲು ಮುಚ್ಚಿಟ್ಟ ತಟ್ಟೆಯನ್ನು ತೋರಿಸಿದಳು, ನಾನು ಇರುವಾಗಲೇ ಕೂತು ಉಂಡಳು. ಅವಳ ಅತ್ತೆ ನೋಡಿಯೂ ನೋಡದವರ ಹಾಗೆ ಇದ್ದರು. ಹೊರಡುವಾಗ, "ಇನ್ನೊಂಚೂರು ಹಾಕ್ಕೋ" ಎಂದದ್ದು ಕೇಳಿಸಿತು.

ದಾರಿಯಲ್ಲಿ ಅಜ್ಜಿ ಅಂಗಡಿಯಿಂದ ಓಡಿಬಂದು ತಡೆದರು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ನೇತಾಡುತ್ತಿತ್ತು. ತವರಿನ ಕಡೆಯ ಕೇಂದ್ರದಲ್ಲಿ ಬಟನ್ ತೂಕ ಏರಿದೆಯಂತೆ. ಎಷ್ಟು ಎಂದರೆ "ಮುಳ್ಳು ಬಲಕ್ಕೆ ಹೋಯ್ತಂತೆ, ನನಗಷ್ಟು ಸಾಕು" ಎಂದರು.

"ಬರ್ತೀನಿ ಅಂದ್ಳಮ್ಮ. ಆದ್ರೆ ಒಂದು ಷರತ್ತು. ಬಟನ್‌ಗೆ ಅವಳೇ ತಿನ್ನಿಸ್ತಾಳಂತೆ, ನಾನು ನಡುವೆ ಬಾಯಿ ಹಾಕ್ಬಾರ್ದು."

"ನಾನು?"

"ಮೇಡಂ ಬೇಕಾದ್ರೆ ಬಂದು ನೋಡ್ಲಿ, ಹೇಳಬಾರದು ಅಂದ್ಳು."

ಆಗಲಿ ಎಂದೆ. ಯಾವತ್ತು ಎಂದು ಕೇಳಿದೆ.

ಭಾನುವಾರ, ಬೆಳಗಿನ ಏಳೂವರೆಯ ಪ್ಯಾಸೆಂಜರ್.